ಐದು ಬೆರಳೂ ಆಡುವ ಕೈಯೇ ಬೇಕೆ?

"ಮೇಡಂ, ನಿಮ್ಮ ಯಜಮಾನ್ರಿಗೆ ಹಾಕ್ಸಿದ್ರಲ್ಲ, ಅದು ಯಾವ ಕೈ? ಎಷ್ಟಾಯ್ತು? ಐದೂ ಬೆರಳು ಆಡುತ್ತಾ?"

ಈ ಮೂರು ಪ್ರಶ್ನೆಗಳನ್ನು ಕಳೆದ ವರ್ಷದಿಂದ ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಕೇಳುವವರಲ್ಲಿ ಸುಮ್ಮನೆ ಕುತೂಹಲದವರು ಕಮ್ಮಿ. ಕಬ್ಬಿನ ಗಾಣಕ್ಕೆ ಮಗನ ಕೈ ಕೊಟ್ಟ ತಾಯಿ, ಪವರ್ ಪ್ರೆಸ್ಸಿನಲ್ಲಿ ಕೈ ಕಳೆದುಕೊಂಡ ಹುಡುಗನ ಅಕ್ಕ, ಹೈಟೆನ್ಷನ್ ತಂತಿ ತಗುಲಿದ ಲೈನ್‌ಮನ್ ಒಬ್ಬರ ಹೆಂಡತಿ, ಹೀಗೆ. ಅವರಿಗೆಲ್ಲ ಫೋನಿನಲ್ಲಿ ಬಿಡಿಬಿಡಿಯಾಗಿ ಹೇಳಿದ್ದನ್ನು ಒಂದು ಕಡೆ ಬರೆದಿಟ್ಟರೆ ಇನ್ನಷ್ಟು ಜನರಿಗೆ ಉಪಯೋಗವಾದೀತು ಅನ್ನಿಸಿತು. ನಾನು ಡಾಕ್ಟರಲ್ಲ, ಎಂಜಿನಿಯರಲ್ಲ. ತಿಪಟೂರು ಕಡೆಯ ಹಳ್ಳಿಯೊಂದರಲ್ಲಿ ಹೈಸ್ಕೂಲ್ ಟೀಚರ್. ನಮ್ಮ ಮನೆಯವರಿಗೆ ಕಿರಾಣಿ ಅಂಗಡಿ, ಜೊತೆಗೆ ಎರಡು ಹಸು, ಒಂದಿಷ್ಟು ತೆಂಗು. ಎರಡೂವರೆ ವರ್ಷದ ಹಿಂದೆ ಮೇವು ಕತ್ತರಿಸುವ ಯಂತ್ರಕ್ಕೆ ಅವರ ಬಲಗೈ ಸಿಕ್ಕಿತು. ಮೊಣಕೈಯಿಂದ ಕೆಳಗೆ ಒಂದು ಗೇಣಿನಷ್ಟು ಉಳಿಯಿತು.

ಆ "ಒಂದು ಗೇಣು" ಎಷ್ಟು ದೊಡ್ಡ ಆಸ್ತಿ ಅನ್ನೋದು ನಮಗೆ ಆಮೇಲೆ ಗೊತ್ತಾಯಿತು.

ಕೈ ಹೋದರೂ ಸ್ನಾಯು ಇರುತ್ತೆ

ನಿಮ್ಮ ಬಲಗೈಯ ಮುಷ್ಟಿ ಕಟ್ಟಿ, ಎಡಗೈಯಿಂದ ಮುಂಗೈಯನ್ನು ಹಿಡಿದು ನೋಡಿ. ಬೆರಳು ಮಡಚುವಾಗ ಗಟ್ಟಿಯಾಗುವುದು ಬೆರಳಲ್ಲ, ಮೊಣಕೈಯ ಕೆಳಗಿನ ಮಾಂಸಖಂಡ. ಬೆರಳನ್ನು ಮಡಚುವ, ಬಿಚ್ಚುವ ದೊಡ್ಡ ಸ್ನಾಯುಗಳೆಲ್ಲ ಇರುವುದು ಅಲ್ಲೇ. ಅಲ್ಲಿಂದ ಹಗ್ಗದ ಹಾಗೆ ಸ್ನಾಯುರಜ್ಜುಗಳು ಬೆರಳಿಗೆ ಹೋಗುತ್ತವೆ. ಹಾಗಾಗಿ ಮಣಿಕಟ್ಟಿನ ಹತ್ತಿರ ಕೈ ಹೋದರೂ "ಮುಷ್ಟಿ ಕಟ್ಟು" ಎಂದು ಮಿದುಳು ಹೇಳಿದಾಗ ಉಳಿದ ಸ್ನಾಯು ಮಾತು ಕೇಳುತ್ತದೆ. ಆಗ ಚರ್ಮದ ಮೇಲೆ, ಒಂದು ವೋಲ್ಟಿನ ಸಾವಿರದಲ್ಲೊಂದು ಭಾಗದ ಆಸುಪಾಸಿನ, ಬಹಳ ಸಣ್ಣ ವಿದ್ಯುತ್ ಏರಿಳಿತ ಕಾಣಿಸುತ್ತದೆ. ಅದನ್ನು ಹಿಡಿದು, ದೊಡ್ಡದು ಮಾಡಿ, ಮೋಟಾರಿಗೆ ಆಜ್ಞೆಯಾಗಿ ಕಳಿಸುವುದೇ "ಮಯೋಎಲೆಕ್ಟ್ರಿಕ್" ಕೈ.

ಇದೇನೂ ನಿನ್ನೆ ಮೊನ್ನೆಯ ಐಡಿಯಾ ಅಲ್ಲ. 1940ರ ದಶಕದಲ್ಲೇ ಜರ್ಮನಿಯ ರೈನ್‌ಹೋಲ್ಡ್ ರೈಟರ್ ಎಂಬಾತ ಇಂಥ ಕೈ ಮಾಡಿ ತೋರಿಸಿದ್ದ. ಆದರೆ ಆಗ ಟ್ರಾನ್ಸಿಸ್ಟರ್ ಬಳಕೆಗೆ ಬಂದಿರಲಿಲ್ಲ, ಉಪಕರಣ ಹೊತ್ತು ತಿರುಗುವ ಹಾಗಿರಲಿಲ್ಲ. 1960ರ ಹೊತ್ತಿಗೆ ಸೋವಿಯತ್ ಒಕ್ಕೂಟದಲ್ಲಿ ಕೊಬ್ರಿನ್‌ಸ್ಕಿ ಮತ್ತು ಸಂಗಡಿಗರು ಟ್ರಾನ್ಸಿಸ್ಟರ್ ಬಳಸಿ ಮಾಡಿದ "ರಷ್ಯನ್ ಕೈ" ರೋಗಿಗಳ ತನಕ ಮುಟ್ಟಿತು. ಅಲ್ಲಿಂದ ಇವತ್ತಿನವರೆಗೆ ಮೂಲ ತತ್ವ ಅದೇ.

ಮೊದಲು ಒಂದು ಪಟ್ಟಿ

ಪುನರ್ವಸತಿ ಕೇಂದ್ರದಲ್ಲಿ ಥೆರಪಿಸ್ಟ್ ಒಬ್ಬರು ನಮಗೆ ಕೈಗಳ ಕ್ಯಾಟಲಾಗ್ ತೋರಿಸುವ ಮೊದಲೇ ಒಂದು ಹೋಂವರ್ಕ್ ಕೊಟ್ಟರು. "ಬೆಳಿಗ್ಗೆಯಿಂದ ರಾತ್ರಿವರೆಗೆ ಎರಡೂ ಕೈ ಬೇಕಾಗೋ ಕೆಲಸ ಏನೇನು ಮಾಡ್ತೀರಿ, ಬರ್ಕೊಂಡು ಬನ್ನಿ" ಎಂದರು. ಮಗಳ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದೆವು: ಪಂಚೆ ಉಟ್ಟು ಗಂಟು ಬಿಗಿಯೋದು, ಹಾಲು ಕರೆಯೋದು, ಮೂಟೆಯ ಬಾಯಿ ಬಿಚ್ಚೋದು, ಪೊಟ್ಟಣಕ್ಕೆ ದಾರ ಸುತ್ತೋದು, ನೋಟು ಎಣಿಸೋದು, ಡಬ್ಬದ ಮುಚ್ಚಳ ತಿರುಗಿಸೋದು, ಸ್ಕೂಟರ್ ಹ್ಯಾಂಡಲ್ ಹಿಡಿಯೋದು...

ಕೊನೆಯಲ್ಲಿ ಅವರೇ ಸೇರಿಸಿದ್ದು: "ಬಲಗೈಲಿ ದುಡ್ಡು ಕೊಡೋದು."

ಅದು ಯಾವ ಕ್ಯಾಟಲಾಗಿನಲ್ಲೂ ಇರುವುದಿಲ್ಲ. ಆದರೆ ನಮ್ಮ ಅಂಗಡಿಯಲ್ಲಿ ಅದು ಚಿಕ್ಕ ವಿಷಯ ಆಗಿರಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಎಡಗೈಯಲ್ಲಿ ಚಿಲ್ಲರೆ ಕೊಟ್ಟರೆ ಕೆಲವು ಹಿರಿಯರು ತೆಗೆದುಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದರು. ಬೈಯುತ್ತಿರಲಿಲ್ಲ, "ಅಲ್ಲಿ ಇಡಪ್ಪ, ತಗೋತೀನಿ" ಅನ್ನುತ್ತಿದ್ದರು. ಇವರು ಸುಮ್ಮನೆ ಗಲ್ಲದ ಪೆಟ್ಟಿಗೆ ಮೇಲೆ ಇಡುತ್ತಿದ್ದರು. ದೇವಸ್ಥಾನದಲ್ಲಿ ತೀರ್ಥಕ್ಕೆ ಕೈ ಒಡ್ಡುವಾಗಲೂ ಇದೇ ಪಾಡು. ಕೈ ಕಳೆದುಕೊಳ್ಳುವುದೆಂದರೆ ಹಿಡಿತ ಮಾತ್ರ ಹೋಗುವುದಲ್ಲ ಅನ್ನೋದು ಇಂಥ ಕಡೆ ಗೊತ್ತಾಗುತ್ತೆ.

ನಿಮ್ಮ ಮನೆಯಲ್ಲೂ ಮೊದಲು ಇಂಥ ಪಟ್ಟಿ ಮಾಡಿ. ಕೈ ಆರಿಸುವುದು ಆಮೇಲೆ.

ಅಲಂಕಾರದ ಕೈ

ಸಿಲಿಕೋನಿನಲ್ಲಿ ಮಾಡಿದ, ಚರ್ಮದ ಬಣ್ಣ, ಉಗುರು, ಗೆರೆ ಎಲ್ಲ ಇರುವ ಕೈ. ಆಡುವುದಿಲ್ಲ. ಹಗುರ, ರಿಪೇರಿ ಕಮ್ಮಿ. "ಆಡದ ಕೈ ಯಾಕೆ?" ಎಂದು ಮೂಗು ಮುರಿಯಬೇಡಿ. ಕಾಗದ ಒತ್ತಿ ಹಿಡಿಯಲು, ಚೀಲ ತೂಗುಹಾಕಲು, ಮದುವೆ ಮುಂಜಿಗೆ ಹೋದಾಗ ನಾಲ್ಕು ಜನ ತಿರುಗಿ ನೋಡದಿರಲು ಎಷ್ಟೋ ಜನ ಇದನ್ನೇ ಇಷ್ಟಪಡುತ್ತಾರೆ. ಆಯ್ಕೆ ಅವರದು.

ಕೇಬಲ್ಲಿನ ಕೈ, ಕೊಕ್ಕೆ

ಇದಕ್ಕೆ ಬ್ಯಾಟರಿ ಇಲ್ಲ. ಬೆನ್ನ ಮೇಲೆ ಪಟ್ಟಿ, ಅದರಿಂದ ಒಂದು ಕೇಬಲ್. ಭುಜವನ್ನು ಮುಂದಕ್ಕೆ ತಳ್ಳಿದರೆ ಕೇಬಲ್ ಎಳೆದು ಕೊಕ್ಕೆ ತೆರೆಯುತ್ತದೆ. ಬಿಟ್ಟರೆ ರಬ್ಬರ್ ಬ್ಯಾಂಡಿನ ಬಲದಿಂದ ಮುಚ್ಚಿಕೊಳ್ಳುತ್ತದೆ. ಹೆಚ್ಚು ಬಿಗಿ ಬೇಕೆಂದರೆ ಇನ್ನೊಂದು ರಬ್ಬರ್ ಬ್ಯಾಂಡ್ ಹಾಕಿದರಾಯಿತು! ಎರಡು ತುದಿಯ ಈ ಕೊಕ್ಕೆಗೆ 1912ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಡೇವಿಡ್ ಡೊರಾನ್ಸ್. ಅವನೂ ಸಾಮಿಲ್ಲಿನಲ್ಲಿ ಕೈ ಕಳೆದುಕೊಂಡವನೇ. ನೂರು ವರ್ಷ ದಾಟಿದರೂ ಆ ವಿನ್ಯಾಸ ಇನ್ನೂ ಬಳಕೆಯಲ್ಲಿದೆ.

ಲೇಖನ ಮೋಟಾರಿನ ಕೈಗಳ ಬಗ್ಗೆ, ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಯಾವ ಮೋಟಾರಿನ ಕೈಯನ್ನೂ ಇದರ ಪಕ್ಕ ಇಟ್ಟೇ ತೂಗಬೇಕು. ಕೆಸರು, ನೀರು, ಧೂಳು ಯಾವುದಕ್ಕೂ ಇದು ಜಗ್ಗುವುದಿಲ್ಲ. ಇನ್ನೊಂದು ದೊಡ್ಡ ಗುಣ: ಹಿಡಿದದ್ದು ಎಷ್ಟು ತೆರೆದಿದೆ, ಎಷ್ಟು ಎಳೆತವಿದೆ ಅನ್ನೋದು ಕೇಬಲ್ಲಿನ ಮೂಲಕ ಭುಜಕ್ಕೆ ತಿಳಿಯುತ್ತದೆ. 2016ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಬಳಿ ಸೈಬಥ್ಲಾನ್ ಎಂಬ ಸ್ಪರ್ಧೆ ನಡೆಯಿತು. ಕೃತಕ ಕೈ ಹಾಕಿಕೊಂಡವರು ಮನೆಯ ದಿನನಿತ್ಯದ ಕೆಲಸಗಳನ್ನು ಗಡಿಯಾರದ ಎದುರು ಮಾಡಬೇಕು. ಮೋಟಾರಿನ ಅತ್ಯಾಧುನಿಕ ಕೈಗಳೂ ಕಣದಲ್ಲಿದ್ದವು. ಗೆದ್ದವರು ಅಮೆರಿಕದ ರಾಬರ್ಟ್ ರಾಡೊಸಿ, ಕೇಬಲ್ಲಿನ ಕೈಯಿಂದ!

ಕಷ್ಟಗಳೂ ಇವೆ. ಬೆನ್ನಿನ ಪಟ್ಟಿ ಕಂಕುಳಲ್ಲಿ ಉಜ್ಜುತ್ತದೆ. ತಲೆಯ ಮೇಲೆ, ಬೆನ್ನ ಹಿಂದೆ ಕೈ ಚಾಚಿ ಕೆಲಸ ಮಾಡುವುದು ತ್ರಾಸ. ನೋಡುವವರ ಕಣ್ಣು ನೇರ ಕೊಕ್ಕೆಗೇ ಹೋಗುತ್ತದೆ. ನಮ್ಮತ್ತೆ ಮೊದಲ ದಿನ ಅದನ್ನು ನೋಡಿ ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದವರು ಊಟದ ತನಕ ಹೊರಗೆ ಬರಲಿಲ್ಲ.

ಒಂದು ಮೋಟಾರಿನ ಕೈ

ಮಯೋಎಲೆಕ್ಟ್ರಿಕ್ ಕೈಗಳಲ್ಲಿ ಹಳೆಯದು, ಗಟ್ಟಿಮುಟ್ಟಾದದ್ದು ಇದು. ಹೆಬ್ಬೆರಳು ಒಂದು ಕಡೆ, ತೋರುಬೆರಳು ಮತ್ತು ಮಧ್ಯದ ಬೆರಳು ಇನ್ನೊಂದು ಕಡೆ. ಇಕ್ಕಳದ ಹಾಗೆ ತೆರೆಯುತ್ತೆ, ಮುಚ್ಚುತ್ತೆ. ಉಳಿದೆರಡು ಬೆರಳು ಕೈಗವಸಿನೊಳಗೆ ಜೊತೆಗೆ ಇರುತ್ತವೆ ಅಷ್ಟೆ. ಮುಂಗೈಯ ಒಳಭಾಗದ ಸ್ನಾಯು ಬಿಗಿದರೆ ಮುಚ್ಚುತ್ತದೆ, ಹೊರಭಾಗದ್ದು ಬಿಗಿದರೆ ತೆರೆಯುತ್ತದೆ. ಒಳ್ಳೆಯ ಮಾದರಿಗಳಲ್ಲಿ ಸ್ನಾಯು ಮೆಲ್ಲಗೆ ಬಿಗಿದರೆ ಕೈಯೂ ಮೆಲ್ಲಗೆ, ಜೋರಾಗಿ ಬಿಗಿದರೆ ಜೋರಾಗಿ. ಜರ್ಮನಿಯ ಒಟ್ಟೋಬಾಕ್‌ನವರ ಸೆನ್ಸರ್‌ಹ್ಯಾಂಡ್ ಸ್ಪೀಡ್ ಎಂಬುದರಲ್ಲಿ ಹಿಡಿತದ ಬಲ ಸುಮಾರು 100 ನ್ಯೂಟನ್‌ವರೆಗೆ ಹೋಗುತ್ತದೆ, ಅಂದರೆ ಹತ್ತು ಕೆ.ಜಿ. ತೂಕ ಒತ್ತಿದಷ್ಟು. ಹಿಡಿದ ಲೋಟ ಜಾರತೊಡಗಿದರೆ ತಾನಾಗಿ ಇನ್ನಷ್ಟು ಬಿಗಿಯುವ ಸೆನ್ಸರ್ ಕೂಡ ಅದರಲ್ಲಿದೆ.

ಅನುಕೂಲ: ವೇಗ, ಬಲ, ಬಾಳಿಕೆ, ಕಲಿಯಲು ಸುಲಭ. ಬೆನ್ನಿಗೆ ಪಟ್ಟಿ ಬೇಡ. ಅನನುಕೂಲ: ಹಿಡಿತ ಒಂದೇ ತರಹ. ಹ್ಯಾಂಡಲ್ ಹಿಡಿಯುವುದಕ್ಕೂ ಪೆನ್ ಹಿಡಿಯುವುದಕ್ಕೂ ಅದೇ ಇಕ್ಕಳ. ಇದೇ ಮಣಿಕಟ್ಟಿಗೆ ಕೈ ಬಿಚ್ಚಿ ಮೋಟಾರಿನ ಇಕ್ಕಳವನ್ನೇ ಸಿಕ್ಕಿಸುವ ಮಾದರಿಗಳೂ ಇವೆ, ವರ್ಕ್‌ಶಾಪ್ ಕೆಲಸದವರಿಗೆ ಅದು ಚೆನ್ನ.

ಐದು ಬೆರಳಿನ ಕೈ

ವಾಟ್ಸ್‌ಆ್ಯಪ್ ವಿಡಿಯೊಗಳಲ್ಲಿ ನಾವೆಲ್ಲ ನೋಡಿ ಬೆರಗಾಗುವುದು ಇದನ್ನೇ. ಒಂದೊಂದು ಬೆರಳಿಗೂ ಒಂದೊಂದು ಮೋಟಾರು. 2007ರಲ್ಲಿ ಸ್ಕಾಟ್ಲೆಂಡಿನ ಟಚ್ ಬಯೋನಿಕ್ಸ್ ಕಂಪನಿಯ ಐ-ಲಿಂಬ್ ಮಾರುಕಟ್ಟೆಗೆ ಬಂದಾಗಿನಿಂದ ಈ ಯುಗ ಶುರು. ಆಮೇಲೆ ಬ್ರಿಟನ್ನಿನ ಬಿಬಯೋನಿಕ್ ಬಂತು, ಅದರಲ್ಲಿ 14 ಬಗೆಯ ಹಿಡಿತ. 3ಡಿ ಪ್ರಿಂಟ್ ಮಾಡಿದ ಹೀರೋ ಆರ್ಮ್ ಬಂತು, ಮಕ್ಕಳಿಗೂ ಸಿಗುವಂತಾಯಿತು. ಅಮೆರಿಕದ ಎಬಿಲಿಟಿ ಹ್ಯಾಂಡ್, ಬೆರಳ ತುದಿಗೆ ತಾಗಿದ್ದನ್ನು ಕಂಪನದ ಮೂಲಕ ಉಳಿದ ತೋಳಿಗೆ ತಿಳಿಸುತ್ತದೆ. ನಮ್ಮ ದೇಶದಲ್ಲೂ ಹೈದರಾಬಾದಿನ ಕಲ್‌ಆರ್ಮ್, ಮುಂಬೈಯ ಗ್ರಿಪ್ಪಿ, ಪುಣೆಯ ಇನಾಲಿ ಮುಂತಾದವು ವಿದೇಶಿ ಕೈಗಳಿಗಿಂತ ಎಷ್ಟೋ ಕಮ್ಮಿ ಬೆಲೆಗೆ ಬಂದಿವೆ. ಹೊರಗಿನವು ಹತ್ತಾರು ಲಕ್ಷದ ಮಾತು, ಇಲ್ಲಿನವು ಮಧ್ಯಮ ವರ್ಗದವರು ಸಾಲ ಸೋಲ ಮಾಡಿಯಾದರೂ ಯೋಚಿಸಬಹುದಾದವು.

ಇವುಗಳ ಸೊಗಸು ಏನೆಂದರೆ, ವಸ್ತುವಿನ ಆಕಾರಕ್ಕೆ ತಕ್ಕಂತೆ ಬೆರಳುಗಳು ಮಡಚಿಕೊಳ್ಳುತ್ತವೆ. ಒಂದು ಬೆರಳು ಬೇಗ ತಾಗಿ ನಿಂತರೂ ಉಳಿದವು ಸುತ್ತಿಕೊಳ್ಳುತ್ತವೆ. ಚೆಂಡು, ಬಾಟಲಿ, ಕೀಲಿಕೈ, ಸೂಟ್‌ಕೇಸು ಎಲ್ಲಕ್ಕೂ ಬೇರೆ ಬೇರೆ ಹಿಡಿತ. ನೋಡಲು ನಿಜಕ್ಕೂ ಕೈ.

ತೊಡಕು ಎಲ್ಲಿದೆ ಅಂದರೆ, ಬೆರಳು ಐದಾದರೂ ಆಜ್ಞೆ ಕೊಡುವ ಸ್ನಾಯು ಸಾಮಾನ್ಯವಾಗಿ ಎರಡೇ ಜಾಗದಿಂದ. ಹಾಗಾಗಿ "ಈಗ ಪೆನ್ ಹಿಡಿಯುವ ಹಿಡಿತಕ್ಕೆ ಬಾ" ಎಂದು ಹೇಳಲು ಎರಡೂ ಸ್ನಾಯುವನ್ನು ಒಟ್ಟಿಗೆ ಬಿಗಿಯಬೇಕು, ಅಥವಾ ಎರಡು ಸಲ ಟಕ್‌ಟಕ್ ಅನ್ನಿಸಬೇಕು, ಅಥವಾ ಮೊಬೈಲ್ ಆ್ಯಪ್‌ನಲ್ಲಿ ಆರಿಸಬೇಕು, ಕೆಲವದರಲ್ಲಿ ಹೆಬ್ಬೆರಳನ್ನು ಇನ್ನೊಂದು ಕೈಯಿಂದ ತಿರುಗಿಸಬೇಕು. ಅಂಗಡಿಯಲ್ಲಿ ಮೂರು ಜನ ಗಿರಾಕಿ ನಿಂತಿರುವಾಗ ಇಷ್ಟೆಲ್ಲ ಸಂಧಾನ ಮಾಡಲು ಪುರುಸೊತ್ತು ಇರುವುದಿಲ್ಲ. ಮೋಟಾರು ಜಾಸ್ತಿ ಆದಷ್ಟೂ ಕೆಡುವ ಜಾಗವೂ ಜಾಸ್ತಿ. ನೀರಿಗೆ ಎಷ್ಟು ತಡೆಯುತ್ತದೆ ಅನ್ನೋದು ಮಾದರಿಯಿಂದ ಮಾದರಿಗೆ ಬೇರೆ. ಕೇಳಿಯೇ ತಿಳಿಯಬೇಕು.

ಈ ತೊಡಕಿಗೆ ಉತ್ತರವಾಗಿ ಬಂದದ್ದು "ಪ್ಯಾಟರ್ನ್ ರೆಕಗ್ನಿಷನ್". ಎರಡರ ಬದಲು ತೋಳಿನ ಸುತ್ತ ಹಲವು ಎಲೆಕ್ಟ್ರೋಡ್ ಇಟ್ಟು, ನೀವು ಮನಸ್ಸಿನಲ್ಲಿ ಚಿವುಟುವಾಗ, ಮುಷ್ಟಿ ಕಟ್ಟುವಾಗ, ಮಣಿಕಟ್ಟು ತಿರುಗಿಸುವಾಗ ಯಾವ ವಿನ್ಯಾಸದ ಸಂಕೇತ ಬರುತ್ತದೆ ಅನ್ನೋದನ್ನು ಕಂಪ್ಯೂಟರಿಗೆ ಕಲಿಸುವುದು. ಕಲಿತ ಮೇಲೆ ಬಳಕೆ ಹೆಚ್ಚು ಸಹಜ. ಆದರೆ ಬೆಲೆ ಏರುತ್ತದೆ, ಆಗಾಗ ಮತ್ತೆ ಪಾಠ ಹೇಳಬೇಕು.

ಮೊಣಕೈ ಮೇಲೆ ಹೋಗಿದ್ದರೆ?

ಇದು ಬೇರೆಯೇ ಲೆಕ್ಕ. ಬೆರಳಿನ ಸ್ನಾಯುಗಳೇ ಇರುವುದಿಲ್ಲ, ಜೊತೆಗೆ ಮೊಣಕೈಯ ಕೀಲೂ ಬೇಕು, ತೂಕ ಹೆಚ್ಚುತ್ತದೆ. ಇಲ್ಲಿ ಕೇಬಲ್ಲಿನ ಮೊಣಕೈ, ಮೋಟಾರಿನ ಕೈ ಹೀಗೆ ಮಿಶ್ರಣವನ್ನೂ ಕೊಡುತ್ತಾರೆ. ಷಿಕಾಗೋದ ಡಾ. ಟಾಡ್ ಕ್ಯುಯಿಕೆನ್ ಮತ್ತು ತಂಡ ಬೆಳೆಸಿದ ಒಂದು ಶಸ್ತ್ರಚಿಕಿತ್ಸೆಯಲ್ಲಿ, ಕೈಗೆ ಹೋಗುತ್ತಿದ್ದ ನರಗಳನ್ನು ಎದೆಯ ಅಥವಾ ಮೇಲ್ತೋಳಿನ ಸ್ನಾಯುವಿಗೆ ತಿರುಗಿಸುತ್ತಾರೆ. ಆಗ "ಕೈ ಮುಚ್ಚು" ಎಂದು ಯೋಚಿಸಿದರೆ ಆ ಸ್ನಾಯು ಮಿಡಿಯುತ್ತದೆ, ಅಲ್ಲಿಂದ ಸಂಕೇತ ಸಿಗುತ್ತದೆ. ಇದನ್ನು ಮಾಡುವ ಪರಿಣತರು ಎಲ್ಲ ಕಡೆ ಸಿಗುವುದಿಲ್ಲ. ನಮ್ಮವರಿಗೆ ಉಳಿದ ಆ ಒಂದು ಗೇಣು ಯಾಕೆ ಆಸ್ತಿ ಅಂದೆ ಅನ್ನೋದು ಈಗ ಗೊತ್ತಾಗಿರಬೇಕು.

ಕೈಗಿಂತ ಮುಖ್ಯ ಸಾಕೆಟ್

ಯಾವ ಕೈ ಅನ್ನೋದರಲ್ಲೇ ಮುಳುಗಿದ್ದ ನಮಗೆ ಪ್ರಾಸ್ಥೆಟಿಸ್ಟ್ ಹೇಳಿದ ಮಾತು ಇದು: "ಕೈ ಕಾರಿದ್ದ ಹಾಗೆ, ಸಾಕೆಟ್ ರಸ್ತೆ ಇದ್ದ ಹಾಗೆ." ಉಳಿದ ತೋಳು ಕೂರುವ ತೊಟ್ಟಿಲೇ ಸಾಕೆಟ್. ಅದರೊಳಗೇ ಎಲೆಕ್ಟ್ರೋಡ್‌ಗಳು ಚರ್ಮಕ್ಕೆ ಒತ್ತಿಕೊಂಡಿರುತ್ತವೆ. ಸಡಿಲವಾದರೆ ಸಂಕೇತ ತಪ್ಪುತ್ತದೆ, ಬಿಗಿಯಾದರೆ ಹುಣ್ಣು. ಹಾಗಾಗಿ ಗಾಯದ ಊತ ಇಳಿದು ತೋಳು ಒಂದು ಆಕಾರಕ್ಕೆ ಬರುವ ತನಕ ಕ್ರೇಪ್ ಬ್ಯಾಂಡೇಜ್ ಕಟ್ಟುವ ಶಿಸ್ತು ಬೇಕು. ಮೊದಲ ವರ್ಷ ತೋಳು ಸಣ್ಣಗಾಗುತ್ತಾ ಹೋಗುವುದರಿಂದ ಸಾಕೆಟ್ ಬದಲಾಯಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಮ್ಮ ಕಡೆಯ ಬೇಸಿಗೆಯಲ್ಲಿ ದೊಡ್ಡ ಶತ್ರು ಬೆವರು. ಏಪ್ರಿಲ್ ಮಧ್ಯಾಹ್ನ ಇವರ ಕೈ ತಾನಾಗಿ ತೆರೆದುಕೊಂಡದ್ದೂ ಉಂಟು, ಎಷ್ಟು ಬಿಗಿದರೂ ಮುಚ್ಚದೆ ಮುಷ್ಕರ ಹೂಡಿದ್ದೂ ಉಂಟು. ಬಿಚ್ಚಿ, ಒರೆಸಿ, ಹತ್ತು ನಿಮಿಷ ಗಾಳಿಗೆ ಬಿಟ್ಟು ಮತ್ತೆ ಹಾಕಿದರೆ ಸರಿ. ಪ್ರತಿದಿನ ಸಾಕೆಟ್ ಒಳಗೆ ಒದ್ದೆ ಬಟ್ಟೆಯಿಂದ ಒರೆಸುವುದು ನಮ್ಮನೆಯಲ್ಲಿ ಹಲ್ಲುಜ್ಜಿದಷ್ಟೇ ಕಡ್ಡಾಯ.

ಇನ್ನೊಂದು ಮಾತು. ಇಲ್ಲದ ಕೈ ನೋಯುತ್ತೆ, ಮುಷ್ಟಿ ಬಿಗಿದುಕೊಂಡ ಹಾಗಾಗುತ್ತೆ ಅಂತ ನಿಮ್ಮವರು ಹೇಳಿದರೆ ಹುಚ್ಚು ಅಂದುಕೊಳ್ಳಬೇಡಿ. ಇದನ್ನು ಫ್ಯಾಂಟಮ್ ನೋವು ಅನ್ನುತ್ತಾರೆ. ನಮ್ಮ ತಮಿಳುನಾಡಿನಲ್ಲಿ ಹುಟ್ಟಿದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಒಂದು ಸಾಮಾನ್ಯ ಕನ್ನಡಿಯಿಂದಲೇ ಇದಕ್ಕೆ ಉಪಾಯ ತೋರಿಸಿದರು. ಇರುವ ಕೈಯ ಪ್ರತಿಬಿಂಬವನ್ನು ಇಲ್ಲದ ಕೈಯ ಜಾಗದಲ್ಲಿ ಕಾಣುವಂತೆ ಇಟ್ಟು ಆಡಿಸುವುದು. ಎಲ್ಲರಿಗೂ ಫಲ ಕೊಡುತ್ತದೆ ಎಂದಲ್ಲ, ಇವರಿಗೆ ರಾತ್ರಿಯ ನಿದ್ದೆ ಬರುವಷ್ಟು ಕಮ್ಮಿಯಾಯಿತು.

ನಾವು ಆರಿಸಿದ್ದು

ಮಗಳಿಗೆ ಐದು ಬೆರಳಿನ ಕೈಯೇ ಬೇಕಿತ್ತು. "ಅಪ್ಪನಿಗೆ ಅಷ್ಟೂ ಕೊಡಿಸಲ್ವಾ?" ಎಂದಳು. ಅವಳ ಪಿಯುಸಿ ನಂತರದ ಓದಿಗೆ ಇಟ್ಟಿದ್ದ ಠೇವಣಿಯ ಬಗ್ಗೆ ಅವಳಿಗೆ ಗೊತ್ತಿತ್ತು, ಅದನ್ನೇ ಮುರಿಯಿರಿ ಅಂದಳು. ಒಬ್ಬ ಮಾರಾಟಗಾರ ಮನೆಗೇ ಬಂದು, ಹಣ ಪೂರ್ತಿ ಮುಂಗಡ ಕೊಟ್ಟರೆ ತಿಂಗಳೊಳಗೆ ಹಾಕಿಸಿಕೊಡುತ್ತೇನೆ, ಟ್ರಯಲ್ ಎಲ್ಲ ಬೇಡ ಎಂದ. ಟ್ರಯಲ್ ಇಲ್ಲದಿದ್ದರೆ ಬೇಡ ಎಂದು ಇವರೇ ಕಳಿಸಿದರು.

ಕೊನೆಗೆ ಪುನರ್ವಸತಿ ಕೇಂದ್ರದಲ್ಲೇ ಎರಡೂ ಬಗೆಯನ್ನು ಹಾಕಿ ನೋಡಿ, ನಮ್ಮ ಪಟ್ಟಿ ಹಿಡಿದು ಒಂದೊಂದೇ ಕೆಲಸ ಮಾಡಿಸಿದರು. ಐದು ಬೆರಳಿನದ್ದು ಬಾಟಲಿ, ಲೋಟ, ಚೀಲ ಎಲ್ಲವನ್ನೂ ಚಂದವಾಗಿ ಹಿಡಿಯಿತು. ಆದರೆ ಪಟ್ಟಿಯ ಮುಕ್ಕಾಲು ಪಾಲು ಕೆಲಸಕ್ಕೆ ಬೇಕಾದದ್ದು ಗಟ್ಟಿಯಾಗಿ ಹಿಡಿದು ನಿಲ್ಲಿಸುವ ಇಕ್ಕಳ, ಸೂಕ್ಷ್ಮ ಕೆಲಸ ಹೇಗೂ ಎಡಗೈ ಮಾಡುತ್ತಿತ್ತು. ಒಂದು ಕೈ ಇರುವವರಿಗೆ ಕೃತಕ ಕೈ ಯಾವತ್ತೂ ಸಹಾಯಕ, ಯಜಮಾನ ಅಲ್ಲ. ಇವರು ಒಂದು ಮೋಟಾರಿನದನ್ನು ಆರಿಸಿದರು. ಅಂಗಡಿ ಹಿಂದಿನ ಮೂಟೆ, ಕೊಟ್ಟಿಗೆ, ತೋಟದ ಕೆಲಸಕ್ಕೆ ಸರಕಾರಿ ಶಿಬಿರದಲ್ಲಿ ಸಿಕ್ಕ ಕೇಬಲ್ ಕೊಕ್ಕೆ. ಹಾಲು ಕರೆಯುವುದು ಈಗ ನನ್ನ ಪಾಲಿಗೆ. ಮನೆಯೊಳಗೆ, ಊಟಕ್ಕೆ ಕೂತಾಗ ಯಾವುದೂ ಇಲ್ಲ. ಮುದ್ದೆ ಮುರಿದು ಸಾರಿನಲ್ಲಿ ಅದ್ದಲು ಜಗತ್ತಿನ ಯಾವ ಮೋಟಾರಿಗೂ ಇನ್ನೂ ಬರುವುದಿಲ್ಲ. ಎಡಗೈಯಲ್ಲೇ ಉಣ್ಣುತ್ತಾರೆ. ಅತ್ತೆಯೂ ಈಗ ಏನೂ ಅನ್ನುವುದಿಲ್ಲ, ಮುದ್ದೆಯನ್ನು ತಟ್ಟೆಯ ಎಡಕ್ಕೆ ಇಡುತ್ತಾರೆ.

ನಿಮ್ಮ ಆಯ್ಕೆ ಬೇರೆಯಾಗಬಹುದು. ಆಫೀಸಿನಲ್ಲಿ ಕೂತು ಕೆಲಸ ಮಾಡುವವರಿಗೆ, ಜನರ ನಡುವೆ ಹೆಚ್ಚು ಓಡಾಡುವವರಿಗೆ, ಎರಡೂ ಕೈ ಕಳೆದುಕೊಂಡವರಿಗೆ ಐದು ಬೆರಳಿನ ಕೈ ಹೆಚ್ಚು ಕೊಟ್ಟೀತು. ಕೊಂಡ ಮೇಲೆ ಮೂಲೆಗಿಡುವವರೂ ಕಮ್ಮಿ ಇಲ್ಲ. 25 ವರ್ಷಗಳ ಅಧ್ಯಯನಗಳನ್ನು ಒಟ್ಟು ಮಾಡಿ 2007ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸರಾಸರಿ ನೂರಕ್ಕೆ 26 ಜನ ಕೇಬಲ್ ಕೈಯನ್ನೂ, 23 ಜನ ವಿದ್ಯುತ್ ಕೈಯನ್ನೂ ಬಿಟ್ಟಿದ್ದರು. ಮಕ್ಕಳಲ್ಲಿ ಇನ್ನೂ ಹೆಚ್ಚು.

ಹಣ ಕೊಡುವ ಮುನ್ನ ಕೇಳಿ

* ನನ್ನ ತೋಳಿನಲ್ಲಿ ಸಂಕೇತ ಎಷ್ಟು ಚೆನ್ನಾಗಿದೆ, ಪರೀಕ್ಷೆ ಮಾಡಿ ತೋರಿಸುತ್ತೀರಾ?
* ಕೊಳ್ಳುವ ಮೊದಲು ಹಾಕಿ ನೋಡಲು ಬಿಡುತ್ತೀರಾ?
* ಬೆಲೆಯಲ್ಲಿ ಸಾಕೆಟ್, ತರಬೇತಿ, ಚಾರ್ಜರ್, ಕೈಗವಸು ಸೇರಿದೆಯಾ?
* ಕೆಟ್ಟರೆ ರಿಪೇರಿ ಎಲ್ಲಿ, ಎಷ್ಟು ದಿನ? ಅಷ್ಟು ದಿನ ಬದಲಿ ಕೈ ಕೊಡುತ್ತೀರಾ?
* ಬ್ಯಾಟರಿ ಎಷ್ಟು ಹೊತ್ತು, ಬದಲಿಸಲು ಎಷ್ಟು ಖರ್ಚು?
* ಕೈ ಮತ್ತು ಸಾಕೆಟ್ ಸೇರಿ ತೂಕ ಎಷ್ಟು? ನೀರು, ಧೂಳು ತಡೆಯುತ್ತಾ?

ಹಣಕ್ಕೆ ದಾರಿಗಳೂ ಇವೆ. ಮೊದಲು ಅಂಗವೈಕಲ್ಯದ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಮಾಡಿಸಿ. ಕೇಂದ್ರದ ಎಡಿಪ್ ಯೋಜನೆಯಲ್ಲಿ ಆದಾಯ ಮಿತಿಯೊಳಗಿನವರಿಗೆ ಸಾಧನಗಳು ಸಿಗುತ್ತವೆ. ಕಾನ್ಪುರದ ಅಲಿಮ್ಕೊ ಸಂಸ್ಥೆಯ ಶಿಬಿರಗಳ ಬಗ್ಗೆ ಜಿಲ್ಲಾ ಅಂಗವಿಕಲರ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ಕಾರ್ಖಾನೆಯಲ್ಲಿ ದುಡಿಯುವವರು ಇಎಸ್‌ಐ ಕೇಳಲು ಮರೆಯಬೇಡಿ. ರೋಟರಿ ಕ್ಲಬ್‌ಗಳು ಆಗಾಗ ಎಲ್‌ಎನ್-4 ಎಂಬ ಸರಳ ಕೈಯನ್ನು ಉಚಿತವಾಗಿ ಹಾಕಿಸುತ್ತವೆ. ಮೋಟಾರಿಲ್ಲ, ಆದರೆ ಮೊಣಕೈ ಕೆಳಗೆ ಸಾಕಷ್ಟು ತೋಳು ಉಳಿದವರಿಗೆ ಕೂಡಲೇ ಒಂದು ಆಸರೆ. ಬೆಂಗಳೂರಿನ ಮೊಬಿಲಿಟಿ ಇಂಡಿಯಾ, ಮುಂಬೈಯ ಹಾಜಿ ಅಲಿಯಲ್ಲಿರುವ ಅಖಿಲ ಭಾರತ ಪುನರ್ವಸತಿ ಸಂಸ್ಥೆಯಂಥ ಕಡೆ ಮಾರಾಟದ ಒತ್ತಡವಿಲ್ಲದೆ ಸಲಹೆ ಸಿಗುತ್ತದೆ.

ಮಗಳ ಠೇವಣಿ ಮುರಿಯಲಿಲ್ಲ. ಈ ವರ್ಷ ಅವಳು ತುಮಕೂರಿನಲ್ಲಿ ಡಿಗ್ರಿಗೆ ಸೇರಿದ್ದಾಳೆ. ಬಸ್ಸಿಗೆ ಹೊರಡುವ ದಿನ ಅಪ್ಪ ಬಲಗೈಯಲ್ಲಿ ಐನೂರರ ಎರಡು ನೋಟು ಹಿಡಿದು ಕೊಟ್ಟರು. ಬಿಡಿಸಿಕೊಳ್ಳಲು ಅವಳು ಸ್ವಲ್ಪ ಎಳೆಯಬೇಕಾಯಿತು. "ಹಿಡಿತ ಜೋರಾಗಿದೆ ಅಪ್ಪ" ಎಂದು ನಕ್ಕಳು.